ನೀರಿನ ನಡುವೆ ಬಾಯಾರಿದ ಬೆಳೆ

(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹಾಡು ಕೇಳಲು, ನಾಟಕ ನೋಡಲು ಸಡಗರದಿಂದ ಬಂದಿರುವ ತಮ್ಮ ಮುಂದೆ ನಾನು ಉಪ್ಪು ಮಣ್ಣಿನ ವಿಚಾರವನ್ನು ಹಿಡಿದುಕೊಂಡು ನಿಂತಿದ್ದೇನೆ. ಅದಕ್ಕಾಗಿ ಮೊದಲೇ ಕ್ಷಮೆ ಕೇಳುತ್ತೇನೆ. ಕಾರ್ಯದರ್ಶಿಗಳು ನನ್ನನ್ನು ಕರೆದದ್ದು ನಾಡಿನ ಹಿರಿಮೆಯನ್ನು ಕುರಿತು ಎರಡು ಮಾತು ಆಡೆಂದು. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಮುಂಬಯಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ನನಗೆ ತಿಳಿದದ್ದು ಗಿಡದ ವಿಚಾರ ಮಾತ್ರ.

ಇನ್ನೊಂದು ಕಾರಣವೂ ಉಂಟು. ಕಳೆದ ಬೇಸಿಗೆಯಲ್ಲಿ ಇದೇ ಸಭಾಂಗಣದ ಮೆಟ್ಟಿಲ ಮೇಲೆ ನಮ್ಮ ಸದಸ್ಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಸರ್, ಊರಲ್ಲಿ ಕಾಲುವೆ ಕೆಳಗಿನ ನಾಲ್ಕು ಎಕರೆ ಸವಳು ಹತ್ತಿದೆ. ಸತ್ತ ಭೂಮಿ, ಬಂದ ಬೆಲೆಗೆ ಮಾರಿಬಿಡೋಣ ಅಂತಾನೆ ತಮ್ಮ. ಸಹಿ ಮಾಡಲೋ ಬೇಡವೋ?" ಎಂದು ಕೇಳಿದರು. ಮೆಟ್ಟಿಲ ಮೇಲೆ ನಿಂತು ಉತ್ತರ ಹೇಳುವ ಪ್ರಶ್ನೆ ಅದಲ್ಲ. ಅವರು ಈ ಹೊತ್ತು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಇನ್ನೂ ಸಹಿ ಮಾಡಿಲ್ಲವೆಂದು ತಿಳಿದು ಸಂತೋಷವಾಯಿತು.

ಸವಳು ಎಂದರೇನು ಎಂದು ರಾಯಚೂರು, ವಿಜಾಪುರ, ಬೆಳಗಾವಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹಳೆಯ ಮೈಸೂರಿನವರು ಅದನ್ನೇ ಚೌಳು ಎನ್ನುತ್ತಾರೆ. ಬೇಸಿಗೆಯಲ್ಲಿ ಹೊಲದ ಮೇಲೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಕಾಣುತ್ತದೆ. ನಾಲಗೆಗೆ ಹಚ್ಚಿದರೆ ಉಪ್ಪು, ಒಮ್ಮೊಮ್ಮೆ ಕಹಿ. ನಮ್ಮ ಮುಂಬಯಿಯ ಮರಾಠಿ ನೆರೆಯವರು ಕಡಲಿನ ಉಪ್ಪು ಹತ್ತಿದ ನೆಲಕ್ಕೆ ಖಾರ್ ಜಮೀನು ಎನ್ನುತ್ತಾರೆ.

ಈಗ ಗಿಡದ ಕಡೆಗೆ ಬರೋಣ. ತಾಯಂದಿರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ನಾಲ್ಕು ದಿನದಲ್ಲಿ ಮಿಡಿ ಸುಕ್ಕಾಗಿ, ತಳದಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ಯಾರೂ ಹಾಕಿದ್ದಲ್ಲ. ಮಿಡಿಯ ಒಳಗಿನ ನೀರನ್ನು ಉಪ್ಪು ಹೊರಗೆಳೆದದ್ದು. ತೆಳುವಾದ ಪೊರೆಯ ಎರಡು ಕಡೆ ಎರಡು ಬಗೆಯ ನೀರಿದ್ದರೆ, ತಿಳಿಯಾದ ಕಡೆಯಿಂದ ಗಟ್ಟಿಯಾದ ಕಡೆಗೆ ನೀರು ಹರಿಯುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಅಭಿಸರಣೆ ಎಂದು ಹೆಸರು. ಬೇರು ನೀರು ಕುಡಿಯುವುದು ಈ ನಿಯಮದಿಂದಲೇ. ಬೇರಿನ ಒಳಗಿನ ರಸ ಮಣ್ಣಿನ ನೀರಿಗಿಂತ ಗಟ್ಟಿ. ಆದ್ದರಿಂದ ನೀರು ಒಳಕ್ಕೆ ಬರುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪು ಸೇರುತ್ತ ಹೋದಂತೆ ಈ ಅಂತರ ಕಡಿಮೆಯಾಗುತ್ತದೆ. ಗಿಡದ ಕಾಲ ಬುಡದಲ್ಲಿ ನೀರು ನಿಂತಿದೆ. ಆದರೆ ಅದನ್ನು ಎಳೆದುಕೊಳ್ಳುವ ಬಲ ಗಿಡಕ್ಕೆ ಸಾಲದು.

ಬರದಲ್ಲಿ ಆಗುವುದೂ ಇದೇ, ಬೇರೆ ದಾರಿಯಿಂದ. ಒಳ್ಳೆಯ ಮಳೆ ಬಿದ್ದು ಹೆಚ್ಚಿನ ನೀರು ಬಸಿದುಹೋದ ಮೇಲೆ ಮಣ್ಣು ತನ್ನ ನೀರನ್ನು ವಾಯುಭಾರದ ಮೂರರಲ್ಲಿ ಒಂದು ಪಾಲಿನಷ್ಟು ಬಲದಿಂದ ಮಾತ್ರ ಹಿಡಿದಿರುತ್ತದೆ. ಒಣಗುತ್ತ ಬಂದಂತೆ ಹಿಡಿತ ಬಿಗಿಯಾಗುತ್ತದೆ. ಸುಮಾರು 15 ವಾಯುಭಾರಕ್ಕೆ ಬಂದಾಗ ಸಾಮಾನ್ಯ ಬೆಳೆ ಬಾಡಿ ಮತ್ತೆ ಏಳುವುದಿಲ್ಲ. ಮೋಟಾರಿನ ಚಕ್ರಕ್ಕೆ ತುಂಬುವ ಗಾಳಿ ಎರಡು ವಾಯುಭಾರದ ಆಸುಪಾಸು ಎಂದರೆ ಈ ಬಲ ಎಷ್ಟೆಂದು ತಮಗೆ ತಿಳಿದೀತು. ಉಪ್ಪಿನ ಹೊಲದಲ್ಲಿ ಮಣ್ಣಿನ ಹಿಡಿತದ ಜೊತೆಗೆ ಉಪ್ಪಿನ ಎಳೆತವೂ ಸೇರುತ್ತದೆ. ಅಷ್ಟೇ ಅಲ್ಲ, ಹೊಲ ಒಣಗಿ ನೀರು ಅರ್ಧವಾದರೆ ಉಳಿದ ನೀರಿನಲ್ಲಿ ಉಪ್ಪು ಇಮ್ಮಡಿ. ಜರ್ಮನಿಯ ಸಸ್ಯಶಾಸ್ತ್ರಜ್ಞ ಶಿಂಪರ್ ಎಂಬವರು 1898ರಲ್ಲಿಯೇ, ನೀರಿದ್ದೂ ಗಿಡಕ್ಕೆ ದಕ್ಕದ ಈ ಸ್ಥಿತಿಯನ್ನು ಒಂದು ಬಗೆಯ ಬರವೆಂದೇ ಕರೆದರು. ಸವಳೂ ಬರವೂ ಅಣ್ಣತಮ್ಮಂದಿರು.

ನನ್ನ ಕುಟುಂಬದಲ್ಲಿ ಈ ಅಣ್ಣತಮ್ಮಂದಿರು ಇಬ್ಬರೂ ಇದ್ದರು. ನಮ್ಮ ಊರು ಸಿಂಧನೂರು ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ಸೋದರಮಾವನ ಊರು ಅದೇ ಕಾಲುವೆಯ ಬಾಲದಲ್ಲಿ, ಮಾನ್ವಿ ತಾಲೂಕಿನಲ್ಲಿ. ಆಣೆಕಟ್ಟಿನ ಕೆಲಸ 1945ರಲ್ಲಿ ಮೊದಲಾಯಿತು. ಆಗ ನದಿಯ ಒಂದು ದಡ ನಿಜಾಮರದು, ಇನ್ನೊಂದು ಮದರಾಸಿನದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಮೂರು ವರ್ಷದ ಮೇಲೆ, 1956ರ ನವೆಂಬರ್ 1ರಂದು, ರಾಯಚೂರು ನಮ್ಮ ರಾಜ್ಯಕ್ಕೆ ಬಂತು. ಹೀಗಾಗಿ ನಮ್ಮ ಮನೆಯಲ್ಲಿ ರಾಜ್ಯೋತ್ಸವವೆಂದರೆ ಕಾಲುವೆಯ ನೆನಪೂ ಕೂಡಿಯೇ ಬರುತ್ತದೆ.

ಆ ಕಾಲುವೆಯನ್ನು ಯೋಜಿಸಿದವರು ಬಹುಪಾಲು ಜೋಳ, ಹತ್ತಿಯಂಥ ಬೆಳೆಗೆ ಆಗಾಗ ನೀರು ಕೊಟ್ಟು ಬರದಿಂದ ಕಾಪಾಡಬೇಕೆಂದು ಲೆಕ್ಕ ಹಾಕಿದ್ದರು. ಭತ್ತಕ್ಕೆ ಮೀಸಲಿಟ್ಟದ್ದು ಸ್ವಲ್ಪ ನೆಲ. ಆದರೆ ನೀರು ಮುಂದೆ ಹರಿಯುತ್ತಿರುವಾಗ ಯಾರು ಜೋಳ ಬಿತ್ತುತ್ತಾರೆ? ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು ಹಾಕಿ ನೆಲೆಸಿದ ರೈತರು ಭತ್ತದ ಕೈಚಳಕ ತೋರಿಸಿದರು, ನಮ್ಮವರೂ ಕಲಿತರು. ಅವರನ್ನು ನಾನು ದೂರುವುದಿಲ್ಲ. ಭತ್ತ ನಮ್ಮ ಮನೆಗೂ ಹೆಂಚು ಹೊದಿಸಿತು, ನನ್ನ ಕಾಲೇಜು ಫೀಯನ್ನೂ ಕಟ್ಟಿತು. ತಲೆಯಲ್ಲಿರುವವರು ಎರಡು ಬೆಳೆ ಭತ್ತ ಹಾಕಿದರು, ಬಾಲದಲ್ಲಿರುವವರಿಗೆ ಕಾಲುವೆಯ ಹೆಸರು ಮಾತ್ರ ಉಳಿಯಿತು. ನಮ್ಮ ಮಾವ ಹೇಳುತ್ತಿದ್ದರು: "ನಿಮ್ಮ ಬೆಳಿ ನೀರು ಹೆಚ್ಚಾಗಿ ಸಾಯ್ತಾವ, ನಮ್ಮವು ನೀರಿಲ್ಲದ ಸಾಯ್ತಾವ. ಕಾಲುವಿ ಮಾತ್ರ ಒಂದ."

ನೀರು ಹೆಚ್ಚಾದರೆ ಉಪ್ಪು ಎಲ್ಲಿಂದ ಬಂತು? ಒಂದು ಸಣ್ಣ ಲೆಕ್ಕ ಮಾಡೋಣ. ಕಾಲುವೆಯ ನೀರು ಕುಡಿಯಲು ಸಿಹಿಯೇ ಆದರೂ ಅದರಲ್ಲಿ ಲವಣವಿಲ್ಲದೆ ಇಲ್ಲ. ಲೀಟರಿಗೆ ಕಾಲು ಗ್ರಾಂ ಎಂದು ಹಿಡಿಯಿರಿ. ಭತ್ತದ ಒಂದು ಬೆಳೆಗೆ ಒಟ್ಟು 1200 ಮಿಲಿಮೀಟರ್ ನೀರು ನಿಲ್ಲಿಸಿದರೆ ಎಕರೆಗೆ ಸುಮಾರು 48 ಲಕ್ಷ ಲೀಟರ್. ಅದರೊಡನೆ ಹೊಲಕ್ಕೆ ಬಂದ ಲವಣ 12 ಕ್ವಿಂಟಲ್! ನೀರು ಆವಿಯಾಗಿ ಹೋಗುತ್ತದೆ, ಭತ್ತದ ಎಲೆಯಿಂದ ಹೋಗುತ್ತದೆ. ಲವಣ ಮಾತ್ರ ಆವಿಯಾಗುವುದಿಲ್ಲ. ಬಸಿದುಹೋಗಲು ದಾರಿಯಿದ್ದರೆ ಬಸಿಯುತ್ತದೆ, ಇಲ್ಲದಿದ್ದರೆ ಅಲ್ಲಿಯೇ ಬಿದ್ದಿರುತ್ತದೆ. ಇದರ ಮೇಲೆ ನಮ್ಮ ಎರೆಭೂಮಿಯ ಅಡಿಯಲ್ಲಿ ಯುಗಯುಗಗಳಿಂದ ಕುಳಿತ ಉಪ್ಪು ಬೇರೆ. ನೀರು ಬಿಡುವ ಮೊದಲು ಅದು ಆಳದಲ್ಲಿ ತೆಪ್ಪಗಿತ್ತು. ಅಂತರ್ಜಲ ಏರಿ ನೆಲದ ಮಟ್ಟದಿಂದ ಒಂದೂವರೆ ಎರಡು ಮೀಟರಿಗೆ ಬಂತೆಂದರೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಎರೆಮಣ್ಣು ಆ ಉಪ್ಪುನೀರನ್ನು ಮೇಲಕ್ಕೆಳೆಯುತ್ತದೆ. ಮೇಲೆ ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟುಹೋಗುತ್ತದೆ. ಸವಳು ಮತ್ತು ಜವಳು ಎಂದು ನಮ್ಮ ಜನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಈಗ ನನ್ನ ತಪ್ಪಿನ ಕಥೆಯನ್ನು ಹೇಳುತ್ತೇನೆ. ಸುಮಾರು 1980ರ ಹೊತ್ತಿಗೆ ದೊಡ್ಡಣ್ಣನ ಪತ್ರಗಳಲ್ಲಿ ಒಂದೇ ರಾಗ: "ತಮ್ಮಾ, ನೀರಿಲ್ಲ ಅಂತಲ್ಲ, ಗೊಬ್ಬರ ಇಲ್ಲ ಅಂತಲ್ಲ. ಪೈರು ಮಾತ್ರ ಏಳವಲ್ದು." ಸಸಿ ನಾಟಿ ಮಾಡಿದ ಮೇಲೆ ಕುಳ್ಳಗೇ ನಿಲ್ಲುತ್ತದೆ, ಹಳೆಯ ಎಲೆಗಳ ತುದಿ ಸುಟ್ಟಂತೆ ಕಂದುತ್ತದೆ ಎಂದು ಬರೆಯುತ್ತಿದ್ದ. ಎಲೆ ಹಳದಿಯಾಗಿದೆ ಎಂದರೆ ಸಾರಜನಕ ಸಾಲದು ಎಂದು ಊರಿನವರೆಲ್ಲ ಹೇಳಿದರು; ನಾನೂ ಒಪ್ಪಿದೆ. ಪ್ರತಿ ಹಂಗಾಮಿಗೆ ಇಲ್ಲಿಂದ ಮನಿಯಾರ್ಡರು ಹೋಗುತ್ತಿತ್ತು, ಅಲ್ಲಿ ಇನ್ನೂ ಎರಡು ಚೀಲ ಯೂರಿಯಾ ಬೀಳುತ್ತಿತ್ತು, ಇನ್ನೂ ನಾಲ್ಕು ಬೆರಳು ನೀರು ನಿಲ್ಲುತ್ತಿತ್ತು. ಬೆಳಿಗ್ಗೆ ತರಗತಿಯಲ್ಲಿ ಹುಡುಗರಿಗೆ ಅಭಿಸರಣೆ ಕಲಿಸಿ, ಮಧ್ಯಾಹ್ನ ಅಂಚೆಕಚೇರಿಯಲ್ಲಿ ಯೂರಿಯಾಕ್ಕೆ ಹಣ ಕಟ್ಟುತ್ತಿದ್ದೆ. ಆರು ವರ್ಷ ಹೀಗೆ ನಡೆಯಿತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಹುಟ್ಟಲಿಲ್ಲ.

ಆ ಯೂರಿಯಾ ಏಕೆ ಕೆಲಸ ಮಾಡಲಿಲ್ಲ? ಗಿಡದ ಊಟ ನೀರಿನೊಡನೆ ಬರುವಂಥದ್ದು. ನೈಟ್ರೇಟು, ಸುಣ್ಣದ ಅಂಶ ಇವು ಬೇರು ಎಳೆಯುವ ನೀರಿನ ಹರಿವಿನಲ್ಲಿಯೇ ತೇಲಿ ಬರುತ್ತವೆ. ಬೇರು ನೀರನ್ನು ಎಳೆಯದಿದ್ದರೆ ಊಟವೂ ಬಾರದು. ಉಪ್ಪು ಹೆಚ್ಚಾದ ಕೂಡಲೆ, ಬರ ಬಂದ ಕೂಡಲೆ, ಗಿಡ ಎಲೆಯ ಮೇಲಿನ ಸಣ್ಣ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ನಿಜ. ಆದರೆ ಒಳಗೆ ಬರಬೇಕಾದ ಇಂಗಾಲದ ಗಾಳಿಯೂ ನಿಲ್ಲುತ್ತದೆ, ಕೆಳಗಿನಿಂದ ಏರಬೇಕಾದ ಊಟವೂ ನಿಧಾನವಾಗುತ್ತದೆ. ರಂಜಕ, ಪೊಟ್ಯಾಷುಗಳ ಗತಿ ಇನ್ನೂ ಕಷ್ಟ. ಅವು ಹರಿವಿನಲ್ಲಿ ಬರುವುದು ಕಡಿಮೆ; ಮಣ್ಣಿನ ಕಣಗಳ ಸುತ್ತಲಿನ ನೀರಿನ ಪೊರೆಯಲ್ಲಿ ನಡೆದು ಬರಬೇಕು. ಬರದಲ್ಲಿ ಆ ಪೊರೆ ಹರಿದು ತುಂಡಾಗುತ್ತದೆ, ದಾರಿಯೇ ಇಲ್ಲದಂತಾಗುತ್ತದೆ. ಮಾವನ ಹೊಲದಲ್ಲಿ ಬಿತ್ತುವಾಗ ಹಾಕಿದ ರಂಜಕದ ಗೊಬ್ಬರ ಬೇರಿನಿಂದ ಒಂದು ಬೆರಳು ದೂರದಲ್ಲಿ ಹಾಗೆಯೇ ಬಿದ್ದಿರುತ್ತಿತ್ತು. ಜೋಳ ಹಸಿದು ನಿಂತಿರುತ್ತಿತ್ತು.

ಸವಳಿನಲ್ಲಿ ಇದರ ಮೇಲೆ ಇನ್ನೊಂದು ಕೇಡು. ನೀರಿನ ತೊಂದರೆ ಮೊದಲ ದಿನದಿಂದಲೇ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಎರಡನೆಯ ಪೆಟ್ಟು ಕೆಲವು ವಾರಗಳ ಮೇಲೆ ಬೀಳುತ್ತದೆ. ಉಪ್ಪಿನಲ್ಲಿರುವ ಸೋಡಿಯಂ, ಗಿಡಕ್ಕೆ ಬೇಕೇಬೇಕಾದ ಪೊಟ್ಯಾಸಿಯಮ್ಮನ್ನು ಹೋಲುತ್ತದೆ. ಬೇರಿನ ಬಾಗಿಲಲ್ಲಿ ಪೊಟ್ಯಾಸಿಯಂ ಹತ್ತು ಜನ, ಸೋಡಿಯಂ ಸಾವಿರ ಜನ ನಿಂತರೆ ಬಾಗಿಲು ಕಾಯುವವನು ಎಷ್ಟು ಜನರನ್ನು ಗುರುತಿಸಿಯಾನು? ನಮ್ಮ ಲೋಕಲ್ ಗಾಡಿಯ ಡಬ್ಬಿಯ ಹಾಗೆ, ಇಳಿಯಬೇಕಾದವನು ಒಳಗೇ ಉಳಿದು ಬೇಡದವನು ನುಗ್ಗುತ್ತಾನೆ. ಹಾಗೆಯೇ ಕ್ಲೋರೈಡು ನೈಟ್ರೇಟಿನ ದಾರಿಗೆ ಅಡ್ಡ ಬರುತ್ತದೆ. ಬೇರಿನ ಪೊರೆಯನ್ನು ಗಟ್ಟಿಯಾಗಿ ಇಡುವ ಕ್ಯಾಲ್ಸಿಯಮ್ಮನ್ನೂ ಸೋಡಿಯಂ ತಳ್ಳುತ್ತದೆ. ಒಳಗೆ ಬಂದ ಸೋಡಿಯಂ ನೀರಿನೊಡನೆ ಎಲೆಗೆ ಏರುತ್ತದೆ, ನೀರು ಆವಿಯಾಗುತ್ತದೆ, ಉಪ್ಪು ಎಲೆಯಲ್ಲೇ ಉಳಿಯುತ್ತದೆ. ಹೆಚ್ಚು ಕಾಲ ನೀರು ಬಿಟ್ಟ ಹಳೆಯ ಎಲೆಯಲ್ಲಿ ಹೆಚ್ಚು ಉಪ್ಪು. ಆದ್ದರಿಂದ ಅದರ ತುದಿ ಮೊದಲು ಸುಡುತ್ತದೆ. ಅಣ್ಣ ಪತ್ರದಲ್ಲಿ ಬರೆದದ್ದು ಇದನ್ನೇ. ಅವನು ವೈದ್ಯನಿಗೆ ಲಕ್ಷಣ ಹೇಳುವಂತೆ ಸರಿಯಾಗಿ ಹೇಳಿದ್ದ, ಓದಿದವನಿಗೆ ತಿಳಿಯಲಿಲ್ಲ.

ಗಿಡ ಸುಮ್ಮನೆ ಸೋಲುವುದಿಲ್ಲ. ಬೇರುಗಳು ಸೋಡಿಯಮ್ಮನ್ನು ಹಿಂದಕ್ಕೆ ತಳ್ಳುತ್ತವೆ, ಜೀವಕೋಶಗಳು ಸಕ್ಕರೆ, ಪ್ರೋಲೀನ್ ಮುಂತಾದವನ್ನು ತಯಾರಿಸಿ ತಮ್ಮ ರಸವನ್ನು ಗಟ್ಟಿ ಮಾಡಿಕೊಳ್ಳುತ್ತವೆ. ಆದರೆ ಎಲ್ಲಕ್ಕೂ ಶಕ್ತಿ ಬೇಕು. ಕಾಳಿಗೆ ಹೋಗಬೇಕಾದದ್ದು ಕಾವಲಿಗೆ ಹೋಗುತ್ತದೆ. ಜವಳು ಕೂಡಿದರೆ ಬೇರಿಗೆ ಗಾಳಿಯೂ ಇಲ್ಲದೆ ಆ ಶಕ್ತಿಯೂ ಹುಟ್ಟದು. ಭತ್ತವಾದರೆ ಕಾಂಡದೊಳಗಿನ ಕೊಳವೆಯಂಥ ಸಂದುಗಳಿಂದ ಬೇರಿಗೆ ಗಾಳಿ ಇಳಿಸಿಕೊಳ್ಳುತ್ತದೆ. ಹತ್ತಿ, ಜೋಳಗಳಿಗೆ ಆ ಅನುಕೂಲವಿಲ್ಲ.

ಎಲ್ಲ ಗಿಡಗಳೂ ಒಂದೇ ಸಮ ಅಳುಕುವುದಿಲ್ಲ. ಠಾಣೆಯ ಖಾಡಿಯ ದಂಡೆಯಲ್ಲಿ ಕಾಂಡ್ಲಾ ಗಿಡಗಳನ್ನು ನೀವೆಲ್ಲ ಗಾಡಿಯಿಂದ ನೋಡಿದ್ದೀರಿ. ಮರಾಠಿಯಲ್ಲಿ ತಿವರ ಎನ್ನುವ ಜಾತಿಯ ಎಲೆಯನ್ನು ಮುಟ್ಟಿ ನೋಡಿದರೆ ಉಪ್ಪಿನ ಹರಳು ಕೈಗೆ ಹತ್ತುತ್ತದೆ. ಬೇಡದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುವ ಗಿಡ ಅದು. ಕುಮಟೆಯ ಕಡೆಯವರು ಇಲ್ಲಿ ಹಲವರಿದ್ದಾರೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಅವರಿಗೆ ಗೊತ್ತು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಹೊತ್ತಿನಲ್ಲಿ ಬಿತ್ತಿ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಕಡಲ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುವ ಆ ಪದ್ಧತಿಯನ್ನು ಯಾವ ಕಾಲೇಜೂ ಕಲಿಸಿದ್ದಲ್ಲ. ಕೇರಳದ ಪೊಕ್ಕಾಳಿಯೂ ಇದೇ ಬಗೆಯದು. ಅದರ ಗುಣವನ್ನು ಇಂದು ಹೊಸ ತಳಿಗಳಿಗೆ ಸೇರಿಸುತ್ತಿದ್ದಾರೆ. ಆದರೆ ಕಗ್ಗವನ್ನು ತಂದು ಸಿಂಧನೂರಿನಲ್ಲಿ ನೆಟ್ಟರೆ ಸವಳು ಹೋದೀತೆಂದು ಯಾರೂ ತಿಳಿಯಬಾರದು. ಉಪ್ಪು ತಾಳುವ ತಳಿ ಉಪ್ಪನ್ನು ತೆಗೆಯುವುದಿಲ್ಲ.

1986ರಲ್ಲಿ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಹೊಲದಲ್ಲಿ ಎದೆಮಟ್ಟದ ಗುಂಡಿ ತೋಡಿಸಿದೆ. ಸಂಜೆಯೊಳಗೆ ಅದರ ತಳದಲ್ಲಿ ಮೊಣಕಾಲು ಮಟ್ಟ ನೀರು ಬಂತು. ನೀರನ್ನು ಬಾಯಿಗೆ ಹಾಕಿಕೊಂಡು ಉಗುಳಿದೆ. ಅಣ್ಣ ನಕ್ಕ; "ಇದನ್ನ ನೋಡಾಕ ಮುಂಬಯಿಯಿಂದ ಬರಬೇಕಾತೇನು?" ಎಂದ. ಮಣ್ಣನ್ನು ಪರೀಕ್ಷೆಗೆ ಕೊಟ್ಟೆವು. ಉಪ್ಪನ್ನು ಅಳೆಯುವ ಮಾನದಲ್ಲಿ ಅದು 7 ಎಂದು ಬಂತು. ಮಣ್ಣನ್ನು ನೀರಿನಲ್ಲಿ ಕಲಸಿ ಹಿಂಡಿ ತೆಗೆದ ರಸದಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂದು ನೋಡುವ ಮಾನ ಅದು; 4 ದಾಟಿದರೆ ಸವಳು ಎಂದು ಲೆಕ್ಕ. ಅಮೇರಿಕದ ಮಾಸ್ ಮತ್ತು ಹಾಫ್ಮನ್ ಎಂಬವರು 1977ರಲ್ಲಿ ಬೆಳೆಗಳ ತಾಳಿಕೆಯ ಒಂದು ಪಟ್ಟಿಯನ್ನು ಪ್ರಕಟಿಸಿದ್ದರು. ಅದರ ಪ್ರಕಾರ ಭತ್ತ 3ರವರೆಗೆ ತಾಳುತ್ತದೆ. ಆಮೇಲೆ ಒಂದೊಂದು ಅಂಕಿಗೆ ನೂರಕ್ಕೆ 12ರಂತೆ ಇಳುವರಿ ಇಳಿಯುತ್ತದೆ. 7ಕ್ಕೆ ಹಾಕಿ ನೋಡಿರಿ: ನೂರಕ್ಕೆ 48 ನಷ್ಟ. ಅಣ್ಣನ ಹೊಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತಿದ್ದದ್ದು ಸರಿಯಾಗಿ ಹೊಂದಿತು. ಕಬ್ಬು ತಾಳುವುದು 1.7, ಉಳ್ಳಾಗಡ್ಡಿ 1.2. ಜೋಳ ಅವಕ್ಕಿಂತ ಹೆಚ್ಚು, ಹತ್ತಿ 7.7. ನಮ್ಮ ಅಜ್ಜ ಬೆಳೆಯುತ್ತಿದ್ದ ಬೆಳೆಗಳೇ ಆ ಮಣ್ಣನ್ನು ತಾಳುವಂಥವಾಗಿದ್ದವು ಎಂದು ಆ ಪಟ್ಟಿಯನ್ನು ಓದಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗಾದರೆ ಹತ್ತಿ ಹಾಕಬಹುದಿತ್ತಲ್ಲ ಎನ್ನುವಿರಿ. ಮೇಲಿನ ಹೊಲದವನು ಭತ್ತಕ್ಕೆ ನೀರು ಕಟ್ಟಿದರೆ ಬಸಿನೀರು ನಮ್ಮ ಹೊಲಕ್ಕೆ ಬಂದು ಹತ್ತಿಯ ಬೇರು ಕೊಳೆಯುತ್ತದೆ. ಇಲ್ಲಿಯೇ ಸವಳಿನ ನಿಜವಾದ ಗಂಟು ಇರುವುದು. ಮದ್ದು ಒಂದೇ: ಅಂತರ್ಜಲವನ್ನು ಇಳಿಸಿ, ಮೇಲಿನಿಂದ ಸಿಹಿನೀರು ನಿಲ್ಲಿಸಿ ಉಪ್ಪನ್ನು ತೊಳೆದು, ಆ ನೀರನ್ನು ಬಸಿಗಾಲುವೆಯಿಂದ ಹಳ್ಳಕ್ಕೆ ಮುಟ್ಟಿಸುವುದು. ಬಸಿಗಾಲುವೆಯಿಲ್ಲದೆ ಎಷ್ಟು ತೊಳೆದರೂ ಕೊಳೆನೀರಿನ ಬಚ್ಚಲಲ್ಲಿ ಬಟ್ಟೆ ಒಗೆದಂತೆ. ಆದರೆ ಹಳ್ಳ ನಮ್ಮ ಹೊಲದ ಪಕ್ಕದಲ್ಲಿಲ್ಲ. ನಡುವೆ ಹತ್ತು ಜನರ ಹೊಲವಿದೆ. ಯಾವನು ತನ್ನ ನೆಲದಲ್ಲಿ ಕಾಲುವೆ ತೋಡಲು ಬಿಡುತ್ತಾನೆ? ಅಣ್ಣ ಆ ಹತ್ತು ಮನೆಗಳ ಕಟ್ಟೆಗೆ ಅಲೆದದ್ದು ಐದು ವರ್ಷ. ಯೂರಿಯಾಕ್ಕೆ ಹೋಗುತ್ತಿದ್ದ ನನ್ನ ಹಣ ಆಗ ಗುದ್ದಲಿಗೆ ಹೋಯಿತು.

ಈಗ ತೂತುಗಳಿರುವ ಕೊಳವೆಗಳನ್ನು ಮೀಟರಿನಷ್ಟು ಆಳದಲ್ಲಿ ಹೂತು ಬಸಿಯುವ ಪದ್ಧತಿ ಬಂದಿದೆ. ಮೇಲೆ ನೇಗಿಲು ಹೊಡೆಯಲು ತೊಡಕಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಕೆಲಸವೇ ನಡೆಯುತ್ತದೆ. ಕೃಷ್ಣೆಯ ದಂಡೆಯ ಕಬ್ಬಿನ ನಾಡಿನಲ್ಲಿಯೂ ರೈತರು ಈ ಕೊಳವೆಗಳನ್ನು ಹಾಕಿಸಿದ್ದಾರೆ. ಖರ್ಚು ಹೆಚ್ಚು, ಅಲ್ಲಿಯೂ ನೀರು ಹೊರಬೀಳಲು ನೆರೆಯವನ ಒಪ್ಪಿಗೆ ಬೇಕು.

ಇನ್ನು ಮೂರನೆಯ ಸಾಲಿನ ಮಿತ್ರರಿಗೆ. ಮಾರುವ ಮೊದಲು ಪರೀಕ್ಷೆ ಮಾಡಿಸಿರಿ. ಸವಳಿನಲ್ಲಿ ಎರಡು ಬಗೆ. ಬೆಳ್ಳಗೆ ಕಾಣುವ ಉಪ್ಪಿನ ಸವಳನ್ನು ನೀರು ಮತ್ತು ಬಸಿಗಾಲುವೆಯೇ ತೊಳೆಯುತ್ತವೆ. ಇನ್ನೊಂದು ಕ್ಷಾರದ ಸವಳು, ಒಮ್ಮೊಮ್ಮೆ ಮೇಲೆ ಕಪ್ಪು ಕಲೆ ಕಾಣುವಂಥದು. ಅದರಲ್ಲಿ ಸೋಡಿಯಂ ಮಣ್ಣಿಗೇ ಅಂಟಿಕೊಂಡು, ನೀರು ಇಳಿಯದ ಹಾಗೆ ನೆಲವನ್ನು ಬಿಗಿದಿರುತ್ತದೆ, ಸತುವು ಕಬ್ಬಿಣಗಳು ಬೇರಿಗೆ ಸಿಗದಂತೆ ಮಾಡುತ್ತದೆ. ಅದಕ್ಕೆ ಜಿಪ್ಸಂ ಬೇಕು, ಡಯಾಂಚದಂಥ ಹಸಿರು ಗೊಬ್ಬರ ಬೇಕು, ಆಮೇಲೆ ತೊಳೆಯಬೇಕು. ಮೊದಲನೆಯ ಬಗೆಗೆ ಜಿಪ್ಸಂ ಸುರಿದರೆ ಹಣ ಹೋದಂತೆಯೇ. ಯಾವುದೆಂದು ಕಣ್ಣಿನಿಂದ ಹೇಳಲಾಗದು. ಅಂಗಡಿಯವನ ಮಾತಿನಿಂದಂತೂ ಹೇಳಲಾಗದು.

2015ರಿಂದ ಸರಕಾರ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದೆ. ತಮ್ಮನ ಪೆಟ್ಟಿಗೆಯಲ್ಲಿಯೂ ಒಂದು ಇದ್ದೀತು. ಎಲ್ಲರೂ ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷಿನ ಸಾಲನ್ನು ನೋಡಿ ಮಡಿಸಿಡುತ್ತಾರೆ. ನೀವು ರಸಸಾರ ಮತ್ತು ವಿದ್ಯುತ್ ವಾಹಕತೆ ಎಂಬ ಎರಡು ಸಾಲು ಓದಿರಿ. ರಸಸಾರ 8.5 ದಾಟಿದ್ದರೆ ಕ್ಷಾರದ ಸಂಶಯ. ವಾಹಕತೆಯ ಅಂಕಿ ನಾನು ಆಗ ಹೇಳಿದ 4, 7ರ ಅಳತೆಯದಲ್ಲ. ಅಲ್ಲಿ ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೆಯುವುದರಿಂದ ಅಂಕಿ ಚಿಕ್ಕದಾಗಿ ಬರುತ್ತದೆ, 1 ದಾಟಿದರೇ ಎಚ್ಚರವಾಗಬೇಕು. ಚೀಟಿ ಇಲ್ಲದಿದ್ದರೆ ಏಪ್ರಿಲ್ ಮೇ ತಿಂಗಳಲ್ಲಿ, ಉಪ್ಪು ಮೇಲಕ್ಕೆ ಬಂದಿರುವಾಗ, ನೀವೇ ಹೋಗಿ ಮಣ್ಣು ತೆಗೆಯಿರಿ. ಬದುವಿನ ಪಕ್ಕದಲ್ಲಿ, ಗೊಬ್ಬರದ ಗುಂಡಿಯ ಹತ್ತಿರ ತೆಗೆಯಬೇಡಿ. ಬೆಳೆ ಬಂದ ಜಾಗದ್ದು ಬೇರೆ, ಬಾರದ ಜಾಗದ್ದು ಬೇರೆ ಚೀಲ. ಮೇಲಿನ ಒಂದು ಗೇಣು ಮಾತ್ರ ಸಾಲದು. ಮೂರು ಅಡಿಯವರೆಗೆ ಅಡಿಗೊಂದರಂತೆ ತೆಗೆಯಿರಿ. ಗುಂಡಿಯಲ್ಲಿ ನೀರು ಎಷ್ಟು ಆಳದಲ್ಲಿ ಬಂತೆಂದು ಬರೆದುಕೊಳ್ಳಿರಿ. ಆ ಊರಿನ ಹಳ್ಳ ಎಲ್ಲಿದೆ, ನಡುವೆ ಯಾರು ಯಾರ ಹೊಲವಿದೆ ಎಂದು ತಮ್ಮನನ್ನು ಕೇಳಿರಿ. ಅದೆಲ್ಲ ತಿಳಿದ ಮೇಲೆಯೂ ಮಾರುವುದೇ ಸರಿ ಎನಿಸಿದರೆ ಮಾರಿರಿ. ಹತ್ತು ಜನರಲ್ಲಿ ಒಂಬತ್ತು ಜನ ಕಾಲುವೆಗೆ ಒಪ್ಪದ ಊರುಗಳೂ ಇವೆ. ಆದರೆ ಅಲ್ಲಿಯವರೆಗೆ ತಮ್ಮನಿಗೆ ಯೂರಿಯಾದ ಹಣ ಕಳಿಸಬೇಡಿ.

ನಮ್ಮ ಬಸಿಗಾಲುವೆ ಹಳ್ಳಕ್ಕೆ ಮುಟ್ಟಿದ್ದು 1991ರ ಬೇಸಿಗೆಯಲ್ಲಿ. ಮೊದಲ ವರ್ಷ ಅದರಲ್ಲಿ ಹರಿದ ನೀರು ದನ ಕುಡಿಯಲಾರದಷ್ಟು ಉಪ್ಪಾಗಿತ್ತು. ನಾಲ್ಕನೆಯ ಬೆಳೆಗೆ ಅಣ್ಣನ ಪತ್ರದಲ್ಲಿ ಪೈರು ಎದ್ದಿತೆಂಬ ಸುದ್ದಿ ಬಂತು. ಅಣ್ಣ ಈಗಿಲ್ಲ. ಅವನ ಮಗ ಒಂದು ಬೆಳೆ ಭತ್ತ, ಒಂದು ಬೆಳೆ ಜೋಳ ಮಾಡುತ್ತಾನೆ. ವರ್ಷಕ್ಕೊಮ್ಮೆ ಹನ್ನೊಂದು ಮನೆಯವರೂ ಕೂಡಿ ಕಾಲುವೆಯ ಹೂಳು ತೆಗೆಯುತ್ತಾರೆ. ಹೊಲದ ಈಶಾನ್ಯ ಮೂಲೆಯಲ್ಲಿ ಎಂಟು ಗುಂಟೆ ಇನ್ನೂ ಬೆಳ್ಳಗಿದೆ. ಮಾವನ ಊರಿಗೆ ಕಾಲುವೆಯ ನೀರು ಈಗಲೂ ಸರಿಯಾಗಿ ಮುಟ್ಟುವುದಿಲ್ಲ; ಅವರ ಮೊಮ್ಮಕ್ಕಳಲ್ಲಿ ಇಬ್ಬರು ನಮ್ಮ ಈ ಸಭೆಯಲ್ಲಿಯೇ ಕುರ್ಚಿ ಹಾಕುವ ಕೆಲಸ ಮಾಡಿದ್ದಾರೆ.